ಎಚ್‌ಆರ್ ಇದ್ದರೆ ಕಾನೂನು ಬೇಡವೇ?

ಪೀಣ್ಯದ ಹಳೆಯ ಕಾರ್ಖಾನೆಗಳ ಗೇಟು ದಾಟಿ ಒಳಗೆ ಹೋದರೆ, ಹಾಜರಿ ಹಾಕುವ ಜಾಗದ ಹತ್ತಿರ ಒಂದು ಬೋರ್ಡ್ ಕಾಣುತ್ತದೆ. ಅದರ ಮೇಲೆ ಅಚ್ಚು ಹಾಕಿಸಿದ ಹಲವು ಪುಟಗಳು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಕಾಗದ ಹಳದಿಗಟ್ಟಿರುತ್ತದೆ, ದಿನಾ ನಿಂತು ಓದುವವರು ಯಾರೂ ಇಲ್ಲ. ಆದರೆ ಕೆಲಸಕ್ಕೆ ಕುತ್ತು ಬಂದ ದಿನ ಕಾರ್ಮಿಕ ಹುಡುಕಿಕೊಂಡು ಬರುವುದು ಈ ಪುಟಗಳನ್ನೇ. ಯಾವುದು ದುರ್ನಡತೆ, ಅದಕ್ಕೆ ಯಾವ ಶಿಕ್ಷೆ, ಆರೋಪಪಟ್ಟಿ ಕೊಟ್ಟ ಮೇಲೆ ಉತ್ತರಿಸಲು ಅವಕಾಶ ಹೇಗೆ, ದೂರು ಯಾರಿಗೆ ಕೊಡಬೇಕು, ಎಲ್ಲವೂ ಅಲ್ಲಿ ಬರೆದಿದೆ. ವಿಚಾರಣೆ ಬಾಕಿಯಿಟ್ಟು ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ, ವಿಳಂಬಕ್ಕೆ ಕಾರ್ಮಿಕನೇ ಕಾರಣನಲ್ಲದಿದ್ದರೆ ಆಮೇಲೆ ಮುಕ್ಕಾಲು ಸಂಬಳ ಜೀವನಾಧಾರ ಭತ್ಯೆಯಾಗಿ ಕೊಡಲೇಬೇಕು ಎಂಬುದು ಕಾನೂನು. ಇವೇ ಸ್ಥಾಯಿ ಆದೇಶಗಳು, ಕಾರ್ಮಿಕರ ಬಾಯಲ್ಲಿ ಸ್ಟ್ಯಾಂಡಿಂಗ್ ಆರ್ಡರ್. ಸ್ವಾತಂತ್ರ್ಯಕ್ಕೂ ಮೊದಲು, 1946ರಲ್ಲಿ ಬಂದ ಕಾಯ್ದೆ ಇವನ್ನು ಕಡ್ಡಾಯ ಮಾಡಿತು.

ಬೆಂಗಳೂರಿನ ಇನ್ನೊಂದು ತುದಿಯಲ್ಲಿರುವ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಥ ಬೋರ್ಡ್ ಇಲ್ಲ. ಇರಬೇಕಾಗಿಯೂ ಇಲ್ಲ. ಐಟಿ, ಐಟಿ ಆಧಾರಿತ ಸೇವೆ, ಬಿಪಿಒ, ಸ್ಟಾರ್ಟಪ್, ಅನಿಮೇಷನ್, ಗೇಮಿಂಗ್, ಟೆಲಿಕಾಂ ಕಂಪನಿಗಳನ್ನೆಲ್ಲ ಕರ್ನಾಟಕ ಸರ್ಕಾರ ಈ ಕಾಯ್ದೆಯಿಂದ ಹೊರಗಿಟ್ಟಿದೆ. 2014ರ ಜನವರಿಯಲ್ಲಿ ಐದು ವರ್ಷಕ್ಕೆಂದು ಕೊಟ್ಟ ವಿನಾಯಿತಿಯನ್ನು 2019ರಲ್ಲಿ ಮತ್ತೆ ಐದು ವರ್ಷ, 2024ರಲ್ಲಿ ಮತ್ತೂ ಐದು ವರ್ಷ ಮುಂದುವರಿಸಿತು. ನೌಕರರ ಸಂಘ ಬೇಡ ಎಂದಿತು, ಉದ್ಯಮ ಬೇಕು ಎಂದಿತು, ಉದ್ಯಮ ಕೇಳಿದ್ದೇ ನಡೆಯಿತು.

ಉದ್ಯಮದ ವಾದ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಸ್ಥಾಯಿ ಆದೇಶಗಳು ಗಿರಣಿ, ಸೈರನ್ನು, ಪಾಳಿಗಳ ಕಾಲದವು, ನಮ್ಮದು ಬುದ್ಧಿ ಬಂಡವಾಳದ ಕೆಲಸ, ನಮ್ಮಲ್ಲಿ ಅದಕ್ಕೆಂದೇ ಎಚ್‌ಆರ್ ವಿಭಾಗ ಇದೆ, ದೂರು ಕೇಳುವ ಪೋರ್ಟಲ್ ಇದೆ, ಹಾಟ್‌ಲೈನ್ ಇದೆ, ನಡುವೆ ಸರ್ಕಾರಿ ಇನ್ಸ್‌ಪೆಕ್ಟರ್ ಯಾಕೆ ಎಂದು ಅವರು ಕೇಳುತ್ತಾರೆ. ಈ ಮಾತಿನ ಬುಡದಲ್ಲಿ ಒಂದು ಸಿದ್ಧಾಂತ ಇದೆ. ಆ ಸಿದ್ಧಾಂತ ತಪ್ಪು ಎಂಬುದು ನನ್ನ ವಾದ.

ಮಾನವ ಸಂಪನ್ಮೂಲ ನಿರ್ವಹಣೆಯ ಪಠ್ಯಗಳಲ್ಲಿ ಐವತ್ತು ವರ್ಷ ದಾಟಿದರೂ ತೀರದ ಜಗಳ ಒಂದಿದೆ. ಬ್ರಿಟನ್ನಿನ ಸಮಾಜವಿಜ್ಞಾನಿ ಅಲನ್ ಫಾಕ್ಸ್ 1966ರಲ್ಲಿ ಅದನ್ನು ಬಿಡಿಸಿಟ್ಟರು. ಸಂಸ್ಥೆಯೆಂದರೆ ಒಂದೇ ಗುರಿಯ ತಂಡ, ಅಲ್ಲಿ ಒಬ್ಬನೇ ಯಜಮಾನ, ಘರ್ಷಣೆ ಬಂದರೆ ಅದು ತಪ್ಪು ತಿಳಿವಳಿಕೆ ಇಲ್ಲವೇ ಯಾರೋ ಕಿಡಿಗೇಡಿಯ ಕೆಲಸ ಎನ್ನುವುದು ಒಂದು ದೃಷ್ಟಿ. ಸಂಸ್ಥೆಯೊಳಗೆ ಬೇರೆ ಬೇರೆ ಹಿತಗಳಿರುತ್ತವೆ, ಅವು ಒಂದಕ್ಕೊಂದು ಎದುರಾಗುವುದು ಸಹಜ, ಆದ್ದರಿಂದ ಮಾತುಕತೆಗೆ ಎರಡೂ ಕಡೆಯವರು ಒಪ್ಪಿದ ನಿಯಮ ಬೇಕು ಎನ್ನುವುದು ಇನ್ನೊಂದು. 1984ರಲ್ಲಿ ಅಮೆರಿಕದಲ್ಲಿ ಎಚ್‌ಆರ್ ಎಂಬ ವಿದ್ಯೆಗೆ ಅಡಿಪಾಯ ಹಾಕಿದ ಎರಡು ಪ್ರಸಿದ್ಧ ಮಾದರಿಗಳು ಒಂದೇ ವರ್ಷ ಬಂದವು. ಮಿಷಿಗನ್ ಮಾದರಿ ನೌಕರರನ್ನು ವ್ಯವಹಾರದ ತಂತ್ರಕ್ಕೆ ತಕ್ಕಂತೆ ಆರಿಸಿ, ಅಳೆದು, ಬಳಸಬೇಕಾದ ಸಂಪನ್ಮೂಲ ಎಂದಿತು. ಹಾರ್ವರ್ಡ್ ಮಾದರಿ ಷೇರುದಾರರ ಜೊತೆಗೆ ನೌಕರರ ಗುಂಪು, ಸರ್ಕಾರ, ಸಮುದಾಯ, ಕಾರ್ಮಿಕ ಸಂಘ ಎಲ್ಲವನ್ನೂ ಪಾಲುದಾರರ ಪಟ್ಟಿಯಲ್ಲಿ ಸೇರಿಸಿತು. ನಮ್ಮ ಐಟಿ ಕಂಪನಿಗಳ ಎಚ್‌ಆರ್ ಮುಖ್ಯಸ್ಥರ ಭಾಷಣ ಹಾರ್ವರ್ಡ್ ಧಾಟಿಯಲ್ಲಿರುತ್ತದೆ. ಕ್ವಾರ್ಟರ್ ಕೊನೆಯಲ್ಲಿ ಕೈಗೆ ಬರುವ ಎಕ್ಸೆಲ್ ಶೀಟು ಮಿಷಿಗನ್ನಿನದು.

ಇದರ ಮೇಲೆ ಡೇವ್ ಉಲ್ರಿಚ್ ಬಂದರು. 1997ರ ಅವರ ಪುಸ್ತಕ ಎಚ್‌ಆರ್‌ಗೆ ನಾಲ್ಕು ಪಾತ್ರ ಕೊಟ್ಟಿತು. ಅದರಲ್ಲಿ ಒಂದು ವ್ಯವಹಾರ ತಂತ್ರದ ಪಾಲುದಾರ, ಇನ್ನೊಂದು ನೌಕರರ ಪರ ನಿಲ್ಲುವವನು. ಬೆಂಗಳೂರಿಗೆ ಬರುವ ಹೊತ್ತಿಗೆ ಮೊದಲನೆಯದು ಹುದ್ದೆಯ ಹೆಸರೇ ಆಯಿತು. ‘ಎಚ್‌ಆರ್ ಬಿಸಿನೆಸ್ ಪಾರ್ಟ್‌ನರ್’ ಎಂಬ ವಿಸಿಟಿಂಗ್ ಕಾರ್ಡ್ ಇಲ್ಲದ ಕಂಪನಿ ಇಲ್ಲ. ನೌಕರರ ಪರ ನಿಲ್ಲುವುದೇ ಹುದ್ದೆಯಾಗಿರುವ ಕಾರ್ಡನ್ನು ನಾನು ನೋಡಿಲ್ಲ. ಇದಕ್ಕೆ ಯಾರ ಮೇಲೂ ಸಿಟ್ಟಾಗಬೇಕಿಲ್ಲ. ಎಚ್‌ಆರ್‌ಗೆ ಸಂಬಳ ಕೊಡುವುದು ಕಂಪನಿ, ಅವರ ಅಪ್ರೈಸಲ್ ಮಾಡುವುದೂ ಕಂಪನಿ. ಅಲ್ಲಿ ದುಡಿಯುವವರಲ್ಲಿ ಎಷ್ಟೋ ಜನ ಮನಸ್ಸುಳ್ಳವರು. ಆದರೆ ಎರಡು ಕಕ್ಷಿಗಳ ನಡುವೆ ವ್ಯಾಜ್ಯ ಬಂದಾಗ ಒಂದು ಕಕ್ಷಿಯ ವಕೀಲನನ್ನೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಬಾರದು. ವಿನಾಯಿತಿ ಕೊಟ್ಟು ಸರ್ಕಾರ ಮಾಡಿರುವುದು ಅದನ್ನೇ.

ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಪರಿಚಯದ ಹುಡುಗಿಯೊಬ್ಬಳ ಕಥೆ ಹೇಳುತ್ತೇನೆ. ಹಾಸನದ ಕಡೆಯವಳು, ಕಂಪನಿಯ ಹೆಸರು ಬೇಡ. ಏಳು ವರ್ಷ ದುಡಿದಿದ್ದಳು. ಪ್ರಾಜೆಕ್ಟ್ ಮುಗಿದು ಬೆಂಚಿನಲ್ಲಿದ್ದಾಗ ಒಂದು ಮಧ್ಯಾಹ್ನ ಕ್ಯಾಲೆಂಡರಿಗೆ ಅರ್ಧ ಗಂಟೆಯ ಮೀಟಿಂಗ್ ಬಂತು, ವಿಷಯ ಏನೆಂದು ಬರೆದಿರಲಿಲ್ಲ. ರೂಮಿನಲ್ಲಿ ಎಚ್‌ಆರ್‌ನವರು ಇಬ್ಬರು, ಈಕೆ ಒಬ್ಬಳೇ. ಫೋನನ್ನು ಹೊರಗೆ ಇಟ್ಟು ಬರಲು ಹೇಳಿದ್ದರು. “ನೀವೇ ರಿಸೈನ್ ಮಾಡಿದರೆ ಎರಡು ತಿಂಗಳ ಸಂಬಳ ಮತ್ತು ಕ್ಲೀನ್ ರಿಲೀವಿಂಗ್ ಲೆಟರ್. ಇಲ್ಲ ಅಂದರೆ ಟರ್ಮಿನೇಷನ್ ಅಂತ ರೆಕಾರ್ಡ್ ಆಗುತ್ತೆ. ಮುಂದಿನ ಕಂಪನಿಯವರು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡಿದಾಗ ನಾವು ಏನು ಹೇಳಬೇಕು, ನೀವೇ ಯೋಚಿಸಿ” ಎಂದರಂತೆ. ರಾಜೀನಾಮೆಯ ಒಕ್ಕಣೆ ಆಗಲೇ ಟೈಪಾಗಿತ್ತು. “ಮನೆಯವರ ಹತ್ತಿರ ಒಂದು ಮಾತು ಕೇಳಿ ನಾಳೆ ಹೇಳ್ತೀನಿ ಮೇಡಂ” ಎಂದಳು. ಆಫರ್ ಇವತ್ತು ಸಂಜೆವರೆಗೆ ಮಾತ್ರ ಎಂಬ ಉತ್ತರ ಬಂತು. ಗೃಹಸಾಲದ ಕಂತು, ಅಪ್ಪನ ಔಷಧಿ ಎರಡನ್ನೂ ನೆನೆದು ಕಳಿಸುವ ಗುಂಡಿ ಒತ್ತಿದಳು. ದಾಖಲೆಯಲ್ಲಿ ಅದು ಸ್ವಯಂಪ್ರೇರಿತ ರಾಜೀನಾಮೆ. ಅವಳನ್ನು ಯಾರೂ ತೆಗೆದುಹಾಕಲಿಲ್ಲ, ಹಾಗಾಗಿ ಲೇಬರ್ ಕೋರ್ಟಿಗೆ ಹೋಗುವ ದಾರಿಯೂ ಅಲ್ಲಿಗೆ ದುರ್ಗಮವಾಯಿತು.

ಅದೇ ಮಧ್ಯಾಹ್ನ ಅವಳಿಗೂ ಒಂದು ಆರೋಪಪಟ್ಟಿ ಕೊಡಬೇಕಿತ್ತು ಎಂದು ಕಾನೂನು ಹೇಳುವಂತಿದ್ದರೆ? ಉತ್ತರ ಬರೆಯಲು ಸಮಯ, ಜೊತೆಗೊಬ್ಬ ಸಹೋದ್ಯೋಗಿ? ಪೀಣ್ಯದ ಫಿಟ್ಟರಿಗೆ ಸಿಗುವ ಇಷ್ಟು ರಕ್ಷಣೆ ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರಿಗೆ ಯಾಕೆ ಬೇಡ ಎಂಬುದಕ್ಕೆ ಯಾವ ಸರ್ಕಾರವೂ ಈವರೆಗೆ ನೇರ ಉತ್ತರ ಕೊಟ್ಟಿಲ್ಲ.

2025ರ ಫೆಬ್ರುವರಿಯಲ್ಲಿ ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಕಳಿಸಿದ್ದು ಎಲ್ಲರಿಗೂ ಗೊತ್ತು. ಅವರಲ್ಲಿ ಅನೇಕರು ಆಯ್ಕೆಯಾಗಿ ಎರಡು ವರ್ಷ ಕಾದು ಸೇರಿದವರು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ, ಪಾಸಾಗದಿದ್ದರೆ ಮುಂದುವರಿಯುವಂತಿಲ್ಲ ಎಂಬುದು ಒಪ್ಪಂದದಲ್ಲೇ ಇತ್ತು ಎಂದು ಕಂಪನಿ ಹೇಳಿತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು, ನಮ್ಮ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಹೋಗಿ ನೋಡಿ ಬಂದರು, ಇವರು ತರಬೇತಿಯಲ್ಲಿದ್ದವರು, ಕಾನೂನಿನ ಉಲ್ಲಂಘನೆ ಆಗಿಲ್ಲ ಎಂಬಲ್ಲಿಗೆ ಪ್ರಕರಣ ನಿಂತಿತು. ಇರಬಹುದು. ಆದರೆ ಪರೀಕ್ಷೆಯ ಮಟ್ಟ ನಿರ್ಧರಿಸಿದವರು, ಅಂಕ ಕೊಟ್ಟವರು, ದೂರು ಕೇಳಬೇಕಾದವರು, ಹೊರಗೆ ಕಳಿಸಿದವರು ಎಲ್ಲರೂ ಒಂದೇ ಕಡೆಯವರಾಗಿರುವಾಗ ಉಲ್ಲಂಘನೆ ಎಲ್ಲಿಂದ ಕಂಡೀತು? ಉಲ್ಲಂಘಿಸಲು ಮೊದಲು ಒಂದು ನಿಯಮವಾದರೂ ಇರಬೇಕು.

ಎಚ್‌ಆರ್ ಮೇಲಿನ ನಂಬಿಕೆ ಎಷ್ಟು ಟೊಳ್ಳು ಎಂದು ಐಟಿಯ ಹೊರಗೂ ಈ ರಾಜ್ಯ ನೋಡಿದೆ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಗಾಜು ಒಡೆದು ಯಂತ್ರ ಉರುಳಿಸಿದಾಗ ಮೊದಲು ಕೇಳಿದ್ದು ಗೂಂಡಾಗಿರಿ, ಪಿತೂರಿ ಎಂಬ ಮಾತುಗಳು. ಫಾಕ್ಸ್ ಹೇಳಿದ ಮೊದಲನೆಯ ದೃಷ್ಟಿ ಯಾವಾಗಲೂ ಇದನ್ನೇ ಹೇಳುತ್ತದೆ. ಆಮೇಲೆ ಕಾರ್ಖಾನೆಗಳ ಇಲಾಖೆಯ ವರದಿ ಬಂತು. ಅನುಮತಿ ಇದ್ದದ್ದು 5,000 ಮಂದಿಗೆ, ಸ್ವಲ್ಪ ಕಾಲದಲ್ಲೇ ಸಂಖ್ಯೆ 10,500ಕ್ಕೆ ಏರಿತ್ತು, ಬಹುಪಾಲು ಗುತ್ತಿಗೆಯವರು. ಪಾಳಿ 12 ಗಂಟೆಯದಾಗಿತ್ತು, ಸಂಬಳ ಮತ್ತು ಓಟಿಯಲ್ಲಿ ಲೆಕ್ಕ ತಪ್ಪಿತ್ತು, ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿಯಿರುವ ಎಚ್‌ಆರ್ ವಿಭಾಗವೇ ಸರಿಯಾಗಿ ರೂಪುಗೊಂಡಿರಲಿಲ್ಲ ಎಂದಿತು ವರದಿ. ಕಂಪನಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಮಾತಾಡುವ ಬಾಗಿಲು ತೆರೆದಿದ್ದರೆ ಅಂದಿನ ಕೇಸುಗಳೂ ಬಂಧನಗಳೂ ಆ ಹುಡುಗರ ಪಾಲಿಗೆ ಬರುತ್ತಿರಲಿಲ್ಲ ಎನ್ನುತ್ತಿದ್ದೇನೆ.

ಐಟಿಯವರು ಕಲ್ಲು ಎಸೆಯುವುದಿಲ್ಲ, ಪೇಪರ್ ಹಾಕಿ ಹೋಗುತ್ತಾರೆ ಎಂದು ಉದ್ಯಮ ಹೇಳಬಹುದು. ಅದು ಬೇಡಿಕೆ ಇದ್ದ ಕಾಲದ ಮಾತು. ಒಂದು ಕೈಯಲ್ಲಿ ಮೂರು ಆಫರ್ ಲೆಟರ್ ಇದ್ದವನಿಗೆ ಕಾನೂನು ಬೇಕಿರಲಿಲ್ಲ, ಮಾರುಕಟ್ಟೆಯೇ ಅವನ ಯೂನಿಯನ್ ಆಗಿತ್ತು. 2025ರ ಜುಲೈನಲ್ಲಿ ಟಿಸಿಎಸ್ 12,000ಕ್ಕೂ ಹೆಚ್ಚು ಮಂದಿಯನ್ನು, ಅದರಲ್ಲೂ ಮಧ್ಯಮ ಮತ್ತು ಹಿರಿಯ ಹಂತದವರನ್ನು ಕೈಬಿಡುವುದಾಗಿ ಹೇಳಿದ ಮೇಲೆ ಆ ಲೆಕ್ಕ ಮುಗಿಯಿತು. ನಲವತ್ತೈದು ದಾಟಿದವರಿಗೆ ಹೊಸ ಆಫರ್ ಎಲ್ಲಿದೆ?

ಹೂಡಿಕೆ ಓಡಿಹೋಗುತ್ತದೆ ಎಂಬ ಬೆದರಿಕೆ ಉಳಿಯುತ್ತದೆ. ಇದನ್ನು ಲಘುವಾಗಿ ತಳ್ಳಿಹಾಕಲಾರೆ, ಬೆಂಗಳೂರಿನ ಅನ್ನ ಆ ಹೂಡಿಕೆಯಿಂದಲೇ ಬಂದಿದೆ. ಆದರೆ ಜರ್ಮನಿಯಲ್ಲಿ ನೌಕರರು ಆರಿಸಿದ ಮಂಡಳಿ ಇರುವ ಕಡೆ ಕೆಲಸದಿಂದ ತೆಗೆಯುವ ಮುನ್ನ ಅದರ ಅಭಿಪ್ರಾಯ ಕೇಳಲೇಬೇಕು. ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಅಲ್ಲೇ ಹುಟ್ಟಿ ಅಲ್ಲೇ ಬೆಳೆಯಿತು, ಬೆಂಗಳೂರಿಗೂ ಬಂತು. ಕಾನೂನು ಇದ್ದಲ್ಲಿ ಸಾಫ್ಟ್‌ವೇರ್ ಬೆಳೆಯುವುದಿಲ್ಲ ಎಂಬುದು ಸುಳ್ಳು. ಇನ್ನು ಒಮ್ಮೆ ಬಾಗಿದರೆ ಬೇಡಿಕೆ ಅಲ್ಲಿಗೆ ನಿಲ್ಲುವುದೂ ಇಲ್ಲ. 2024ರ ಜುಲೈನಲ್ಲಿ ಐಟಿ ನೌಕರರಿಗೆ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಹೊರಬಿದ್ದಾಗ, ಇದು ಉದ್ಯಮದ ಒತ್ತಡ ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಹೇಳಿದರು. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಕಿಟು ಬೀದಿಗೆ ಇಳಿಯದಿದ್ದರೆ ಆ ಪ್ರಸ್ತಾಪ ಏನಾಗುತ್ತಿತ್ತೋ. ಆಗ ಯಾವ ಕಂಪನಿಯ ಎಚ್‌ಆರ್ ಮುಖ್ಯಸ್ಥರಾದರೂ ಎದ್ದು ನಿಂತು, 14 ಗಂಟೆ ದುಡಿಸುವುದು ನಮ್ಮ ವೃತ್ತಿಧರ್ಮಕ್ಕೆ ವಿರುದ್ಧ ಎಂದು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ವಿನಾಯಿತಿ ಷರತ್ತಿಲ್ಲದೆ ಕೊಟ್ಟದ್ದಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಡುತ್ತದೆ. ನಿಜ. ಲೈಂಗಿಕ ಕಿರುಕುಳ ತಡೆಯಲು ಆಂತರಿಕ ಸಮಿತಿ ಇರಬೇಕು, ಆಡಳಿತ ಮತ್ತು ನೌಕರರ ಸಮ ಸಂಖ್ಯೆಯ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ಹಿಂಬಡ್ತಿ, ವಜಾ ಮುಂತಾದ ಕ್ರಮ ಕೈಗೊಂಡರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು, ಇಲಾಖೆ ಕೇಳಿದ ಮಾಹಿತಿ ಒದಗಿಸಬೇಕು. ಕಾಗದದ ಮೇಲೆ ಒಳ್ಳೆಯ ಷರತ್ತುಗಳೇ. ನಿಮ್ಮ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ನೌಕರರ ಪ್ರತಿನಿಧಿ ಯಾರು, ಅವರನ್ನು ಆರಿಸಿದವರು ಯಾರು ಎಂದು ಐಟಿಯಲ್ಲಿರುವ ಹತ್ತಾರು ಜನರನ್ನು ನಾನು ಕೇಳಿದ್ದೇನೆ. ಅಂಥದ್ದೊಂದು ಸಮಿತಿ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮೇಲೆ ಹೇಳಿದ ಹುಡುಗಿಗೂ ಗೊತ್ತಿರಲಿಲ್ಲ. ‘ರಾಜೀನಾಮೆ’ ಎಂದು ಬರೆಸಿಕೊಂಡ ಮೇಲೆ ಇಲಾಖೆಗೆ ತಿಳಿಸುವ ಪ್ರಮೇಯವೇ ಬರುವುದಿಲ್ಲ ಎಂಬುದನ್ನು ಎಚ್‌ಆರ್ ಚೆನ್ನಾಗಿ ಬಲ್ಲದು.

ಈಗ ನೆಲ ಬದಲಾಗಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1946ರ ಕಾಯ್ದೆ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿಹೋಯಿತು. ಸ್ಥಾಯಿ ಆದೇಶ ಇನ್ನು 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ ಕಡ್ಡಾಯ. ಸಣ್ಣ ಕಾರ್ಖಾನೆಗಳ ಕಾರ್ಮಿಕರಿಗೆ ಇದರಿಂದ ನಷ್ಟವೇ ಆಗಿದೆ, ಅದು ಬೇರೆಯೇ ಬರೆಯಬೇಕಾದ ವಿಷಯ. ದೊಡ್ಡ ಐಟಿ ಕಂಪನಿಗಳ ವಿಷಯದಲ್ಲಿ ಮಾತ್ರ ಈ ಮಿತಿ ಅಡ್ಡಿಯಲ್ಲ, ಅವುಗಳ ಒಂದು ಕಟ್ಟಡದಲ್ಲೇ ಸಾವಿರಾರು ಜನ. ಅಡ್ಡಿ ಬರುವುದು ಬೇರೆ ಕಡೆಯಿಂದ. ಸ್ಥಾಯಿ ಆದೇಶಗಳ ಅಧ್ಯಾಯದಿಂದ ಯಾವುದೇ ಬಗೆಯ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಹೊಸ ಸಂಹಿತೆಯೂ ಸರ್ಕಾರದ ಕೈಯಲ್ಲಿ ಇಟ್ಟಿದೆ. ವ್ಯವಸ್ಥಾಪಕ ಹುದ್ದೆಯವರನ್ನು ಕಾರ್ಮಿಕರ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕೈಕೆಳಗೆ ಒಬ್ಬರೂ ಇಲ್ಲದ, ದಿನವಿಡೀ ಕೋಡ್ ಬರೆಯುವವರಿಗೆ ‘ಮ್ಯಾನೇಜರ್’ ಎಂದು ಹೆಸರು ಕೊಟ್ಟಿರುವ ಕಂಪನಿಗಳು ಈ ಸಂದು ಹಿಡಿದು ನುಸುಳದಂತೆ ನೋಡುವುದು ಇಲಾಖೆಯ ಕೆಲಸ. ನ್ಯಾಯಾಲಯಗಳು ಹುದ್ದೆಯ ಹೆಸರನ್ನು ಬಿಟ್ಟು ಮಾಡುವ ಕೆಲಸವನ್ನೇ ನೋಡಬೇಕೆಂದು ಬಹಳ ಹಿಂದೆಯೇ ಹೇಳಿವೆ.

ಸಂತೋಷ್ ಲಾಡ್ ಅವರ ಇಲಾಖೆ ಮಾಡಬೇಕಾದದ್ದು ಕಷ್ಟದ್ದೇನಲ್ಲ. 2014ರಿಂದ ಈಚೆಗೆ ಎಷ್ಟು ಐಟಿ ಕಂಪನಿಗಳು ಷರತ್ತಿನಂತೆ ವಜಾ ಮತ್ತು ಅಮಾನತುಗಳ ಮಾಹಿತಿ ಕಳಿಸಿವೆ, ಕಳಿಸದವರ ಮೇಲೆ ಏನು ಕ್ರಮ ಆಗಿದೆ ಎಂಬುದನ್ನು ವರ್ಷವಾರು ಪ್ರಕಟಿಸಲಿ. ಕುಂದುಕೊರತೆ ಸಮಿತಿಗೆ ನೌಕರರ ಪ್ರತಿನಿಧಿಗಳನ್ನು ನೌಕರರೇ ಗುಪ್ತ ಮತದಾನದಲ್ಲಿ ಆರಿಸಲಿ. ಒತ್ತಾಯದ ರಾಜೀನಾಮೆಯ ವಿರುದ್ಧ ದೂರು ಕೊಡಲು, ಸಹಿ ಹಾಕಿದ ಮೇಲೂ ಹಿಂದೆಗೆಯಲು ಹದಿನೈದು ದಿನದ ಅವಕಾಶವಾದರೂ ನಿಯಮದಲ್ಲಿ ಬರಲಿ. ಹೊಸ ಸಂಹಿತೆಯ ಅಡಿಯಲ್ಲಿ ಐಟಿಗೆ ಮತ್ತೊಮ್ಮೆ ವಿನಾಯಿತಿ ಕೊಡಿ ಎಂಬ ಅರ್ಜಿ ಸಚಿವರ ಮೇಜಿಗೆ ಬರುತ್ತದೆ, ಅದರಲ್ಲಿ ಸಂಶಯವೇ ಇಲ್ಲ. ಆ ಅರ್ಜಿಯ ಮೇಲೆ ಸಹಿ ಬೀಳಬಾರದು.