ಪರದೇಶದಲ್ಲಿ ಎದೆನೋವು: ಯಾವ ಬಾಗಿಲು ತಟ್ಟಬೇಕು?

ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ನಮ್ಮ ಹಿರಿಯರು ಅಮೇರಿಕೆಗೆ ಹೋಗಿ ತಿಂಗಳುಗಟ್ಟಲೆ ನಿಂತು ಬರುವುದು ಈಗ ವಾಡಿಕೆಯಾಗಿದೆ. ಹೊರಡುವಾಗ ಚಟ್ನಿಪುಡಿ, ಸಜ್ಜಿರೊಟ್ಟಿಗಳನ್ನು ಮರೆಯದೆ ಕಟ್ಟುತ್ತೇವೆ. ಅಲ್ಲಿ ದೇಹಕ್ಕೆ ಆಪತ್ತು ಒದಗಿದರೆ ಎತ್ತ ಹೋಗಬೇಕೆಂಬುದನ್ನು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ.

ನಮಗೆ ಆತ್ಮೀಯರಾದ ಧಾರವಾಡದ ತಾಯಿಯೊಬ್ಬರು ಟೆಕ್ಸಾಸಿನಲ್ಲಿ ಮಗನ ಮನೆಯಲ್ಲಿದ್ದರು. ಒಂದು ಸಂಜೆ ಎದೆ ಭಾರವಾಯಿತು, ಮೈ ಬೆವರಿತು. ಪಿತ್ತವಿರಬೇಕೆಂದು ಜೀರಿಗೆ ಕಷಾಯ ಕುಡಿದು ಒಂದು ತಾಸು ಕಳೆದರು. ಮಗನು ಆಸ್ಪತ್ರೆಗೆ ಹೊರಟರೆ, ‘ಸಾವಿರಾರು ಡಾಲರ್ ಬಿಲ್ ಬರತೈತಿ, ಬ್ಯಾಡಪ್ಪಾ, ಇಲ್ಲೇ ಸಣ್ಣ ದವಾಖಾನಿಗೆ ಹೋಗೋಣ’ ಎಂದು ಹಟ ಹಿಡಿದರು. ಹೀಗೆ ಹೋದದ್ದು ಅರ್ಜೆಂಟ್ ಕೇರ್ ಎಂಬ ಕೇಂದ್ರಕ್ಕೆ. ಅಲ್ಲಿಯ ವೈದ್ಯೆ ಇ.ಸಿ.ಜಿ. ನೋಡಿದವರೇ 911ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿದರು. ತಾಯಿ ಉಳಿದರು. ಆದರೆ ಕಳೆದ ಆ ಹೊತ್ತಿನಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿತ್ತು; ಇಂದಿಗೂ ಮಹಡಿ ಹತ್ತಿದರೆ ಏದುಸಿರು. ಬಿಲ್ಲೂ ಎರಡು ಕಡೆಯಿಂದ ಬಂದಿತು.

ಅರ್ಜೆಂಟ್ ಕೇರ್ ಹೆಸರಿಗಷ್ಟೇ ತುರ್ತು. ನಿಜವಾಗಿ ಅದು ನಮ್ಮ ಓಣಿಯ ಡಾಕ್ಟರರ ದವಾಖಾನೆಯ ದೊಡ್ಡ ರೂಪ. ಮೊದಲೇ ಸಮಯ ಗೊತ್ತುಮಾಡದೆ ಸಂಜೆಗೂ ರವಿವಾರಕ್ಕೂ ಹೋಗಬಹುದು. ಗಂಟಲುನೋವು, ಉರಿಮೂತ್ರ, ಉಳುಕಿದ ಕಾಲು, ಈಳಿಗೆ ತಾಗಿದ ಬೆರಳಿಗೆ ಹೊಲಿಗೆ, ಇವಕ್ಕೆ ಅದೇ ಸರಿ. ವೆಚ್ಚವೂ ಬಹಳ ಕಡಿಮೆ. ರಾತ್ರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಆಸ್ಪತ್ರೆಯ ಎಮರ್ಜೆನ್ಸಿ ರೂಮಾದರೋ ಹಗಲಿರುಳೂ ತೆರೆದಿರುತ್ತದೆ. ಅಲ್ಲಿ ಸರದಿಗಿಂತ ರೋಗದ ತೀವ್ರತೆಗೆ ಮನ್ನಣೆ. ನೆಗಡಿಗೆಂದು ಹೋದವರು ತಾಸುಗಟ್ಟಲೆ ಕುಳಿತಿರಬೇಕಾದೀತು.

ಎದೆನೋವು, ಉಸಿರಾಟಕ್ಕೆ ಕಷ್ಟ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು, ನಿಲ್ಲದ ರಕ್ತ, ಇವುಗಳಲ್ಲಿ ಯಾವುದೇ ಕಂಡರೂ ಕಾರು ತೆಗೆಯದೆ 911ಕ್ಕೆ ಕರೆ ಮಾಡಬೇಕು. ಲಕ್ವ ಹೊಡೆದವರಿಗೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ತೋರಿದ 4½ ಗಂಟೆಗಳೊಳಗೆ, ಅದೂ ಮಿದುಳಿನ ಸ್ಕ್ಯಾನ್ ಆದ ಮೇಲೆ ಕೊಡುತ್ತಾರೆ. ಅರ್ಜೆಂಟ್ ಕೇರಿನಲ್ಲಿ ಆ ಯಂತ್ರ ಇರುವುದೇ ಅಪರೂಪ.

ಹಣದ ಅಂಜಿಕೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಮಗನ ಸಂಬಳ ತಾಯಿಗೆ ಗೊತ್ತಿರುತ್ತದೆ. ಆದರೆ 1986ರ ಅಲ್ಲಿಯ ಕಾನೂನಿನಂತೆ, ಮೆಡಿಕೇರ್ ಯೋಜನೆಗೆ ಸೇರಿದ ಆಸ್ಪತ್ರೆಯ ತುರ್ತು ವಿಭಾಗವು ಬಂದವರಲ್ಲಿ ಹಣವಿದೆಯೇ ಎಂದು ನೋಡದೆ ಮೊದಲು ಪರೀಕ್ಷಿಸಬೇಕು, ಅಪಾಯವಿದ್ದರೆ ಸ್ಥಿತಿ ಸುಧಾರಿಸುವಂತೆ ಉಪಚರಿಸಬೇಕು. ಬಿಲ್ಲು ಅನಂತರ ಬಂದೇ ಬರುತ್ತದೆ. ಟೆಕ್ಸಾಸಿನಲ್ಲಿ ಅಂಗಡಿ ಸಾಲುಗಳಲ್ಲಿಯೂ ಸ್ವತಂತ್ರ ಎಮರ್ಜೆನ್ಸಿ ರೂಮುಗಳಿವೆ. ನೋಟಕ್ಕೆ ಅರ್ಜೆಂಟ್ ಕೇರಿನಂತೆ, ಬಿಲ್ಲು ಮಾತ್ರ ಹಲವು ಪಟ್ಟು. ಸಣ್ಣ ಕಾಯಿಲೆಗೆ ಹೋಗುವವರು ಫಲಕ ಓದಿಕೊಂಡೇ ಒಳಗೆ ಕಾಲಿಡಬೇಕು.

ಬಿ.ಪಿ., ಸಕ್ಕರೆ ರೋಗ ಮೊದಲೇ ಇದ್ದವರಿಗೆ ಪ್ರವಾಸಿ ವಿಮೆ ಎಷ್ಟರಮಟ್ಟಿಗೆ ಒದಗುತ್ತದೆಂಬುದನ್ನು ಟಿಕೆಟ್ ತೆಗೆಯುವ ಮುಂಚೆಯೇ ಮಕ್ಕಳಿಂದ ಓದಿಸಿ ಕೇಳಿಕೊಳ್ಳಬೇಕು. ಆ ತಾಯಿ ಈಗ ಮತ್ತೆ ಹೊರಟಿದ್ದಾರೆ, ಮೊಮ್ಮಗನ ಜವಳಕ್ಕೆ. ಗುಳಿಗೆಗಳ ಹೆಸರು ಬರೆದ ಚೀಟಿಯನ್ನು ಈ ಸಲ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದಾರೆ.