ತುಂಬಿದ ಕೆರೆ, ಉಳಿದ ನೀರು

ಮಕ್ಕಳೇ, ಆನ್‌ಲೈನ್ ಆಟಕ್ಕೆ ಆಗಾಗ ‘ಎಕ್ಸ್‌ಪ್ಯಾನ್ಷನ್’ ಬರುತ್ತದೆ. ಹೊಸ ನಾಡು, ಹೊಸ ಶತ್ರುಗಳು. 2014ರ ನವೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ಗೆ ಅಂಥದ್ದು ಬಂದಾಗ, 74 ಲಕ್ಷವಿದ್ದ ಚಂದಾದಾರರು ಕೋಟಿ ದಾಟಿದರು. 2015ರ ಜೂನ್ ಕೊನೆಗೆ ಉಳಿದವರು 56 ಲಕ್ಷ! ಹೊಸದನ್ನು ನೋಡಿ ಮುಗಿಸಿದವರು ಹೊರಟರು. ಗುಂಪಿನ ಆಟವಲ್ಲವೇ? ಒಬ್ಬ ಹೋದರೆ ಅವನ ಜೊತೆಯವನಿಗೂ ಬೇಸರ.

ಬ್ಯಾಂಕಿನಲ್ಲಿ ನಾವು ಬಂದ ಜಮೆಗೆ ಹಿಗ್ಗುತ್ತಿರಲಿಲ್ಲ, ಕೊನೆಗೆ ಉಳಿದ ಶಿಲ್ಕು ನೋಡುತ್ತಿದ್ದೆವು. ನಮ್ಮ ತಾಳಗುಂದದ ಕಂಬದ ಶಾಸನ ಕದಂಬರ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ವಿಷಯ ಹೇಳುತ್ತದೆ. ಮಳೆಗಾಲದಲ್ಲಿ ಯಾವ ಕೆರೆಯೂ ತುಂಬೀತು. ಬೇಸಿಗೆಯಲ್ಲಿ ಎಷ್ಟು ನೀರಿದೆ ಎಂಬುದೇ ಲೆಕ್ಕ.

ಅಜ್ಜ-ಅಜ್ಜಿಯರೇ, ಮೊಮ್ಮಗು ಆಟದ ಮುಂದೆ ಸಪ್ಪಗೆ ಕೂತಿದ್ದರೆ ಗದರಬೇಡಿ. ಯಾವ ಜೊತೆಗಾರ ಬಿಟ್ಟುಹೋದ ಎಂದು ಕೇಳಿ.