ಹಳೆಯ ಕ್ಯಾಸೆಟ್ ಗುಜರಿಯಲ್ಲ, ಸರಕು

ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಊರುಗಳಲ್ಲಿ ಒಂದು ಕಾಲಕ್ಕೆ ಹಾಡು ಸಹ ಅಂಗಡಿಯ ಸರಕಾಗಿತ್ತು. ಅಡಿಕೆ, ತೆಂಗು, ಈರುಳ್ಳಿಯ ವಹಿವಾಟು ಮುಗಿಸಿ ಮನೆಗೆ ಮರಳುವವರ ಚೀಲದಲ್ಲಿ ಹೊಸ ಕ್ಯಾಸೆಟ್ಟೊಂದು ಇರುತ್ತಿತ್ತು. ಮೈಕ್‌ಸೆಟ್ ಬಾಡಿಗೆಗೆ ಕೊಡುವವರಿಗಂತೂ ಗ್ರಾಮಾಫೋನ್ ತಟ್ಟೆಗಳ ಪೆಟ್ಟಿಗೆಯೇ ಬಂಡವಾಳ. ಸಿ.ಡಿ., ಬಳಿಕ ಮೊಬೈಲ್ ಬಂದ ಮೇಲೆ ಅವು ಅಟ್ಟ ಸೇರಿದವು. ಅನೇಕವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಈ ಅವಸರದ ವಿಲೇವಾರಿಯನ್ನು ವರ್ತಕರು ಮರುಚಿಂತಿಸುವುದು ಒಳಿತು.

ಎಪ್ಪತ್ತರ ದಶಕದಲ್ಲಿ ಚಲನಚಿತ್ರದಂತೆ ಕನ್ನಡದ ಹಾಡಿನಲ್ಲಿಯೂ ಹೊಸ ಅಲೆ ಎದ್ದಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಸಂಗೀತದೊಡನೆ ಕ್ಯಾಸೆಟ್ಟಾಗಿ ಹೊರಬಂದು, ಭಾವಗೀತೆಗೂ ಮಾರುಕಟ್ಟೆಯಿದೆಯೆಂದು ತೋರಿಸಿತು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿ ಪಡೆದರು. ಸಿ. ಅಶ್ವತ್ಥ್ ಶಿಶುನಾಳ ಷರೀಫರ ತತ್ತ್ವಪದಗಳನ್ನು ಮನೆಮನೆಗೆ ಮುಟ್ಟಿಸಿದರು. ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರಲ್ಲಿ, ಸುಬ್ಬಣ್ಣ 2022ರಲ್ಲಿ ಅಗಲಿದರು. ಅವರ ಹಾಡುಗಳು ಮೊಬೈಲಿನಲ್ಲಿ ಬಿಡಿಬಿಡಿಯಾಗಿ ದೊರೆಯುತ್ತವೆ, ನಿಜ. ಆದರೆ ಹಾಡುಗಳ ಮೂಲ ಅನುಕ್ರಮ, ಕವಿ, ವಾದ್ಯವೃಂದದವರ ಹೆಸರುಗಳುಳ್ಳ ಒಳಹಾಳೆ ಇವು ಮೂಲ ಕ್ಯಾಸೆಟ್ಟಿನೊಡನೆಯೇ ಉಳಿಯತಕ್ಕವು. ಯೌವನದಲ್ಲಿ ಮೆಚ್ಚಿದ ಗಾಯಕರನ್ನು ಮತ್ತೆ ಅರಸುವ ಸಂಗ್ರಾಹಕನು ಹಣ ತೆರುವುದು ಈ ಪೂರ್ಣತೆಗೆ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ಗ್ರಾಮಾಫೋನ್ ತಟ್ಟೆಗಳ ಸಂಖ್ಯೆ, 1987ರ ನಂತರ ಮೊದಲ ಬಾರಿಗೆ, ಸಿ.ಡಿ.ಗಳ ಸಂಖ್ಯೆಯನ್ನು ಮೀರಿತು. ನಮ್ಮ ತಾಲ್ಲೂಕುಗಳಲ್ಲಿ ಅಂತಹ ಬೇಡಿಕೆ ನಿರೀಕ್ಷಿಸುವುದು ಅವಿವೇಕ; ಸಾಲ ಮಾಡಿ ಅಂಗಡಿ ತೆರೆಯುವ ವ್ಯಾಪಾರ ಇದಲ್ಲ. ರೇಡಿಯೋ, ಟಿ.ವಿ. ರಿಪೇರಿ ಮಾಡುವವರಿಗೆ ಇದು ಉಪವೃತ್ತಿಯಾಗಬಲ್ಲದು. ಪ್ಲೇಯರಿನ ಬೆಲ್ಟು ಬದಲಿಸುವುದು, ಮಲೆನಾಡಿನ ಅಂಚಿನ ತೇವಕ್ಕೆ ಟೇಪಿಗೆ ಹಿಡಿದ ಬೂಷ್ಟು ತೆಗೆಯುವುದು ಅವರಿಗೆ ಹೊಸ ವಿದ್ಯೆಯೇನಲ್ಲ.

ಆದರೆ ವ್ಯಾಪಾರ ಶುದ್ಧವಾಗಿರಬೇಕು. ಸರಕಿನ ಸ್ಥಿತಿಯನ್ನು ನುಡಿಸಿ ನೋಡಿಯೇ ಬರೆದಿಡಬೇಕು. ಒಳಹಾಳೆ ಇಲ್ಲದಿದ್ದರೆ ಇಲ್ಲವೆನ್ನಬೇಕು. ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿ ಮಾರುವ ಆಸೆ ಸಲ್ಲದು. ಧ್ವನಿಮುದ್ರಣದ ಹಕ್ಕುಸ್ವಾಮ್ಯ ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಜಿ.ಎಸ್.ಟಿ. ನಿಯಮ 32(5)ರಂತೆ, ಬಳಸಿದ ಸರಕನ್ನು ಕೊಂಡು ಮಾರುವ ನೋಂದಾಯಿತ ವರ್ತಕರು ಖರೀದಿಯ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯದಿದ್ದಲ್ಲಿ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲಷ್ಟೇ ತೆರಿಗೆ ಲೆಕ್ಕ ಹಾಕಬಹುದು. ಆದ್ದರಿಂದ ಖರೀದಿಯ ಚೀಟಿ ಇಡುವುದು ಅಗತ್ಯ.

ಲಾಭ ಸಣ್ಣದಿರಬಹುದು, ನಷ್ಟ ಮಾತ್ರ ದೊಡ್ಡದು. ಗುಜರಿಗೆ ಹೋದ ಒಳಹಾಳೆಯೊಡನೆ ತಬಲ, ಕೊಳಲು ನುಡಿಸಿದವರ ಹೆಸರುಗಳೂ ಹೋಗುತ್ತವೆ; ಅವನ್ನು ಮರಳಿ ಬರೆಯಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಟ್ಟದ ಪೆಟ್ಟಿಗೆಯನ್ನು ತಕ್ಕಡಿಗೆ ಇಡುವ ಮುನ್ನ ವರ್ತಕ ಬಾಂಧವರು ಒಮ್ಮೆ ತೆರೆದು ನೋಡಲಿ.